ಮಸಿ ಹೋದ ಅರಿವೆ

ಕೇಶ್ವಾಪುರದ ಮನೆಯ ಹಿತ್ತಲಲ್ಲಿ ಒಣಗಲು ಹಾಕಿದ್ದ ಉದ್ದನೆಯ ಬಿಳಿ ಬಟ್ಟೆಯನ್ನು ಬೆನ್ನಿ ಮುಖದ ಹತ್ತಿರ ಹಿಡಿದು ಏನನ್ನೋ ಹುಡುಕುತ್ತಿದ್ದ. ಅವನ ತಾಯಿ ಡೋರಾ ಬಾಗಿಲಲ್ಲಿ ನಿಂತು ನೋಡಿದಳು. ಈಸ್ಟರಿಗೆ ಮುಂಚೆ ಮನೆಯ ಬಿಳಿಯದ್ದನ್ನೆಲ್ಲ ಸೋಡಾ ಹಾಕಿ ಕುದಿಸಿ ಒಗೆಯುವುದು ಅವಳ ಅಜ್ಜಿಯ ಕಾಲದ ಪದ್ಧತಿ. ದೇವಾಲಯದ ಮೇಜುಹಾಸನ್ನೂ ಸ್ತ್ರೀ ಸಂಘದವರು ಅವಳನ್ನೇ ನಂಬಿ ಕೊಡುತ್ತಿದ್ದರು. ಪಾಪ ತೊಳೆಯುವುದು ಸಭಾಪಾಲಕರ ಪಾಲು, ಉಳಿದ ಕಲೆಗಳೆಲ್ಲ ಡೋರಾಳ ಪಾಲು.

"ಮಮ್ಮಿ, ಇದನ್ನ ಯಾಕ ಒಗದಿ?"

"ಮಸಿ ಹತ್ತಿತ್ತಲ್ಲೋ."

"ಅದು ಮಸಿ ಅಲ್ಲ... ಕಾಡು."

ಕಲಘಟಗಿ ಆಚೆಯ ಕಾಡಿಗೆ ಬೆಂಕಿ ಬಿದ್ದಾಗಲೆಲ್ಲ ಬೆನ್ನಿ ಮತ್ತು ಹೆಬ್ಬಳ್ಳಿಯ ಹನಮೇಶ ಹಸಿ ಟೊಂಗೆ ಹಿಡಿದು ಆರಿಸಲು ಓಡುತ್ತಿದ್ದರು. ಆರಿದ ಮೇಲೆ ಸುಟ್ಟ ಮರಗಳಿಗೆ ಬಟ್ಟೆ ಬಿಗಿದು ಸುತ್ತಿ, ಒತ್ತಿ, ತೊಗಟೆಯ ಅಚ್ಚು ತೆಗೆಯುತ್ತಿದ್ದರು. ಗಂಡನ್ನು ಪ್ರೀತಿಸುವ ಗಂಡಸರು, ಹೆಣ್ಣನ್ನು ಪ್ರೀತಿಸುವ ಹೆಂಗಸರು ಧಾರವಾಡದಲ್ಲಿ ಕೂಡಿ ನಡೆಸುವ ಮೆರವಣಿಗೆಗೆ ಇವೇ ಬಾವುಟ. ಕಾಡಿರಲಿ, ತಮ್ಮಂಥವರಿರಲಿ, ಸುಟ್ಟ ಮೇಲೆಯೇ ಊರಿಗೆ ಕಾಣಿಸುವುದು ಎಂದು ಹನಮೇಶ ನಗುತ್ತಿದ್ದ. ಈ ಬಟ್ಟೆಯ ಮೂಲೆಯಲ್ಲಿ ಇಬ್ಬರೂ ಮಸಿ ಹತ್ತಿದ ಅಂಗೈ ಒತ್ತಿದ್ದರು. ಮುಂದಿನ ಬೆಂಕಿಯಲ್ಲಿ ಗಾಳಿ ತಿರುಗಿತು. ಹನಮೇಶ ಹೊರಗೆ ಬರಲಿಲ್ಲ. ಅವನನ್ನು ಮಣ್ಣು ಮಾಡುವಾಗ ಬೆನ್ನಿ ಗೆಳೆಯರ ಸಾಲಿನಲ್ಲಿ, ಎಲ್ಲರ ಹಿಂದೆ ನಿಂತಿದ್ದ.

ಶಾಲೆಯ ನಿವೃತ್ತ ಹೆಡ್‌ಮಾಸ್ತರ, ತಂದೆ ಸ್ಯಾಮ್ಯುಯೆಲ್, ಪೇಪರಿನಿಂದ ತಲೆಯೆತ್ತದೆ, "ಛಲೋ ಆತು. ಹೊಲಸು ಹೋತು. ಇನ್ನರ ಮನಿತನಕ್ಕ ಒಪ್ಪೂ ಹಂಗ ಇರು," ಎಂದ.

ಬೆನ್ನಿ ಅತ್ತ ನೋಡಲೂ ಇಲ್ಲ. "ಮಮ್ಮಿ, ಕೈ ಕಂಡಿರಲಿಲ್ಲೇನ ನಿನಗ?"

ಕನ್ನಡಕ ಇರಲಿಲ್ಲ ಎಂದಿದ್ದರೆ ಸಾಕಿತ್ತು. ಡೋರಾಳಿಗೆ ಅಷ್ಟೂ ಸುಳ್ಳು ಬರಲಿಲ್ಲ. "ಕಂಡಿತ್ತು. ಎರಡು ಕೈ ಅಂತ ಗೊತ್ತಾಗೇ ಬ್ರಶ್ ಹಚ್ಚಿ ತಿಕ್ಕಿದೆ... ಅಳಿಸಿದ್ರ ನೀ ಮರೀತಿ ಅನ್ಕೊಂಡೆ."

ಮಗ ಕೂಗಾಡಲಿಲ್ಲ, ಕೂಗಾಡಿದ್ದರೆ ತಾಯಿ ತಡೆದುಕೊಳ್ಳುತ್ತಿದ್ದಳು. "ಫೋಟೋ ಬೇಕಾದಷ್ಟು ಅದಾವ. ಅವನ ಕೈ ಇದೊಂದ ಇತ್ತು," ಎಂದು ಬಟ್ಟೆ ಮಡಚಿ ಚೀಲಕ್ಕೆ ಹಾಕಿದ. "ಇನ್ನ ನಾ ಈ ಮನಿಗೆ ಬರಂಗಿಲ್ಲ."

ಡೋರಾ ಒಳಗೆ ಹೋಗಿ ಟ್ರಂಕಿನಿಂದ ತನ್ನ ಮದುವೆಯ ಬಿಳಿ ಸೀರೆ ತಂದಳು. ಶವಪೆಟ್ಟಿಗೆಯಲ್ಲಿ ಮಲಗಿಸುವಾಗ ಅದನ್ನೇ ಉಡಿಸಬೇಕೆಂದು ಮನೆಮಂದಿಗೆಲ್ಲ ಹೇಳಿಟ್ಟಿದ್ದಳು. "ಇದರ ಮ್ಯಾಲೆ ಕಾಡು ತೊಗೊ. ನಾನೂ ಬರ್ತೇನಿ."

ಸ್ಯಾಮ್ಯುಯೆಲ್ ಈಗ ಪೇಪರು ಕೆಳಗಿಟ್ಟ. "ಹುಚ್ಚು ಹಿಡದೈತೇನ? ಸತ್ತಾಗ ಏನ ಉಟ್ಕೋತಿ?"

"ಆಗ ಉಡಸವ್ರ ಚಿಂತಿರಿ ಅದು."

ಬರಬೇಡವೆಂದು ಬೆನ್ನಿ ಅನ್ನಲಿಲ್ಲ; ಬಸ್ಸಿನಲ್ಲಿ ಪಕ್ಕದಲ್ಲಿ ಜಾಗ ಬಿಟ್ಟ. ಕಾಡಿನಲ್ಲಿ ಸುಟ್ಟ ಮತ್ತಿಮರವೊಂದಕ್ಕೆ ಸೀರೆ ಸುತ್ತಿ ತಾನೊಂದು ತುದಿ ಹಿಡಿದ. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಮತ್ತೊಂದು ತುದಿಯನ್ನು ಡೋರಾ ಹಿಡಿದಳು.

"ಜಗ್ಗಿ ಹಿಡಿ," ಎಂದ ಮರದ ಆಚೆಯಿಂದ. "ಅಂವ ಇಷ್ಟು ಸಡ್ಲ ಬಿಡ್ತಿರಲಿಲ್ಲ."

ಅವಳು ಜಗ್ಗಿದಳು. "ಹಿಂಗೇನೋ?"

ಸೀರೆ ಅವನ ಕಡೆಯಿಂದ ಬಿಟ್ಟು ಬಿಟ್ಟು ನಡುಗುತ್ತಿತ್ತು... ಡೋರಾ ತುದಿ ಬಿಡಲಿಲ್ಲ.