ಚಪ್ಪಲಿ ಸ್ಟ್ಯಾಂಡಿನ ಹಿಂದಿಟ್ಟ ಸರ

ಬೀರುವಿನ ಬೀಗ ಮುರಿದಿರಲಿಲ್ಲ. ಬಟ್ಟೆಗಳು ಮಡಿಸಿಟ್ಟಂತೆಯೇ ಇದ್ದವು. ಜುಲೈಕಾಳ ಮದುವೆಯ ಸರ ಮಾತ್ರ ಮಾಯವಾಗಿತ್ತು.

ಮೂಡುಬಿದಿರೆಯ ಆ ಮನೆಗೆ ಬಂದ ಎಸ್‌ಐ ಧರ್ಣಪ್ಪ, ಕೊಟ್ಟ ಚಹಾ ತಣಿಯುವ ಮೊದಲೇ ಕಳ್ಳಿಯನ್ನು ಹಿಡಿದುಬಿಟ್ಟಿದ್ದರು. ಮನೆಗೆಲಸದ ಸರಸ. ಕೀಲಿಕೈ ಇಡುವ ಜಾಗ ಅವಳಿಗೆ ಗೊತ್ತಿತ್ತು, ಅಷ್ಟು ಸಾಕಾಯಿತು.

"ನಾನು ತೆಗೀಲಿಲ್ಲ ಜುಲೈಕಕ್ಕ. ಬೇಕಾದರೆ ನನ್ನ ಮನೆ ಹುಡುಕಿ."

ಜುಲೈಕಾ ಮುಖ ತಿರುಗಿಸಿದಳು. ಮಗಳು ಫಾಹಿಮಾ ಹುಟ್ಟಿದಂದಿನಿಂದ ಸರಸ ಅಲ್ಲೇ ದುಡಿದವಳು. ಕಳ್ಳಿ ಎಂಬ ಹೆಸರು ಅಂಟಿದರೆ ಇನ್ನು ಆ ಪೇಟೆಯಲ್ಲಿ ಯಾರೂ ಅವಳನ್ನು ಒಳಗೆ ಸೇರಿಸುವುದಿಲ್ಲ.

ನೆರೆಮನೆಯ ಕಾಂತಿ ಟೀಚರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಐದನೇ ಕ್ಲಾಸಿನ ಫಾಹಿಮಾ ಅವರದೇ ವಿದ್ಯಾರ್ಥಿನಿ. ಸರಸಳನ್ನು ಜೀಪಿಗೆ ಹತ್ತಿಸುವಾಗ ಆ ಮಗು ನೆಲವನ್ನೇ ನೋಡುತ್ತಿತ್ತು. ಜುಲೈಕಾ ಮಗಳಿಗೆ ಮನೆಮಾತು ಬ್ಯಾರಿಯಲ್ಲಿ ಏನೋ ಗದರಿದಳು.

"ಏನಂತೆ ಚಿಕ್ಕಮ್ಮ?" ಎಂದ ಬಾಸಿತ್. ಜುಲೈಕಾಳ ಭಾವನ ಮಗ. ಹಾಸನದಲ್ಲಿ ಬೆಳೆದು, ಇಲ್ಲಿಯ ಕಾಲೇಜು ಸೇರಿ ಹಾಸ್ಟೆಲಿನಲ್ಲಿದ್ದ, ಬಿಡುವಾದಾಗ ಈ ಮನೆಗೆ ಬರುತ್ತಿದ್ದ.

"ಒಳಗೆ ಹೋಗು ಅಂತ ಹೇಳಿದ್ದು," ಎಂದಳು ಜುಲೈಕಾ.

* * *

ಆಗಿನ್ನೂ ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಶನಿವಾರ ಕಾಂತಿ ಟೀಚರ್ ಮಕ್ಕಳನ್ನು ಬಸ್‌ಸ್ಟ್ಯಾಂಡಿನ ಬಳಿಯ ನವಾಝನ ಸೈಬರ್ ಕೆಫೆಗೆ ಕರೆದೊಯ್ಯುತ್ತಿದ್ದರು. ಎಸಿ ಕೋಣೆ, ಚಪ್ಪಲಿ ಹೊರಗಿನ ಸ್ಟ್ಯಾಂಡಿನಲ್ಲೇ ಬಿಡಬೇಕು. ಸರಸಳನ್ನು ಹಿಡಿದ ಎರಡು ದಿನಕ್ಕೆ ಬಂದ ಶನಿವಾರವೂ ಹೋಗಿದ್ದರು.

"ಚಾಟಿನಲ್ಲಿ ಯಾರ ಹತ್ತಿರ ಮಾತಾಡಬಾರದು?"

"ಗುರ್ತ ಇಲ್ಲದವರ ಹತ್ತಿರ ಟೀಚರ್," ಮಕ್ಕಳು ರಾಗ ಎಳೆದವು.

"ಗುರ್ತದವರೇ ಅಂತ ಹೇಗೆ ಗೊತ್ತಾಗ್ತದೆ?"

ಫಾಹಿಮಾ ಅಳತೊಡಗಿದಳು. ಕಾಂತಿ ಅವಳನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿಕೊಂಡರು.

"ಸರ ತೆಗೆದದ್ದು ನಾನು ಟೀಚರ್. ಉಪ್ಪ ದುಬೈಯಿಂದ ಇಲ್ಲಿಯ ಚಾಟಿನಲ್ಲಿ ಹೇಳಿದ್ದು. ಹೊಸ ಡಿಸೈನ್ ಮಾಡಿಸ್ತೇನೆ, ಉಮ್ಮನಿಗೆ ಹೇಳಬೇಡ ಅಂತ. ಈ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇಟ್ಟರೆ ಅವರ ಫ್ರೆಂಡ್ ತೆಗೀತಾರೆ ಅಂತ."

"ನಿನ್ನ ಅಪ್ಪನೇ ಅಂತ ನಿನಗೆ ಹೇಗೆ ಗೊತ್ತು?"

"ಪಮ್ಮಿ ಅಂತ ಕರೆದರು. ಅದು ಮನೆಯವರಿಗೆ ಮಾತ್ರ ಗೊತ್ತು."

"ಯಾವ ಭಾಷೆಯಲ್ಲಿ ಬರೆದದ್ದು?"

"ಕನ್ನಡ."

"ಫೋನಿನಲ್ಲಿ ಮಾತಾಡುವಾಗ?"

"ಬ್ಯಾರಿ. ಕಂಪ್ಯೂಟರ್ ಶಾಲೆಯ ಪಾಠ ಅಲ್ವಾ ಟೀಚರ್. ಅದಕ್ಕೆ ಬ್ಯಾರಿ ಬರುವುದಿಲ್ಲ."

ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಪಾಠಕ್ಕೆ ಕನ್ನಡ. ಮಗುವಿಗೆ ಅನುಮಾನ ಬರುವುದಾದರೂ ಹೇಗೆ? ಹೇಳಿಕೊಟ್ಟದ್ದನ್ನು ಅದು ಚಾಚೂ ತಪ್ಪದೆ ಪಾಲಿಸಿತ್ತು.

* * *

ಸಂಜೆ ಕಾಂತಿ ವಿಷಯ ತಿಳಿಸಿ ಧರ್ಣಪ್ಪರನ್ನು ಕರೆಸಿದರು. ಜುಲೈಕಾಳ ಮನೆಯಿಂದಲೇ ದುಬೈಗೆ ಫೋನ್ ಹೋಯಿತು. ತಾನು ಚಾಟ್ ಮಾಡಿದವನೇ ಅಲ್ಲ ಎಂದ ಫಾಹಿಮಾಳ ಅಪ್ಪ ಹನೀಫಾ.

"ಹಾಗಾದರೆ ನವಾಝ್," ಎಂದರು ಧರ್ಣಪ್ಪ. ಅವರಿಗೆ ಕಳ್ಳರ ಬರವಿರಲಿಲ್ಲ. "ಅವನದ್ದೇ ಕೆಫೆ, ಅವನದ್ದೇ ಸ್ಟ್ಯಾಂಡು."

"ಅಲ್ಲ ಸರ್," ಎಂದರು ಕಾಂತಿ. "ನವಾಝನ ಮನೆಮಾತು ಬ್ಯಾರಿ. ಉಪ್ಪನ ವೇಷ ಹಾಕುವವನು ಬ್ಯಾರಿ ಬಿಟ್ಟು ಕನ್ನಡ ಯಾಕೆ ಬರೀತಾನೆ? ಪಮ್ಮಿ ಎಂಬ ಹೆಸರೂ ಅವನಿಗೆ ಗೊತ್ತಿಲ್ಲ. ಸರಸನಿಗೆ ಹೆಸರು ಗೊತ್ತು, ಓದು ಬರಹ ಗೊತ್ತಿಲ್ಲ." ಕಾಂತಿ ಮಗುವಿನ ಕಡೆ ತಿರುಗಿದರು. "ಚಾಟಿನಲ್ಲಿ ಉಪ್ಪನ ಐಡಿ ಸೇರಿಸಿಕೊಟ್ಟವರು ಯಾರು?"

"ಬಾಸಿತಣ್ಣ."

"ಮನೆಯ ಹೆಸರು ಗೊತ್ತು, ಬ್ಯಾರಿ ಬರುವುದಿಲ್ಲ. ಅಂಥವನು ಈ ಮನೆಯವರಲ್ಲಿ ಒಬ್ಬನೇ, ಸರ್. ಮೊನ್ನೆ ಚಿಕ್ಕಮ್ಮ ಗದರಿದ್ದೂ ಅವನಿಗೆ ಅರ್ಥ ಆಗಲಿಲ್ಲ."

ಬಾಗಿಲ ಬಳಿ ನಿಂತಿದ್ದ ಬಾಸಿತ್ ನಗಲು ನೋಡಿದ. ನಗು ಬರಲಿಲ್ಲ. ಸರ ಹಾಸ್ಟೆಲಿನ ಟ್ರಂಕಿನಲ್ಲಿ ಸಿಕ್ಕಿತು.

"ಬೈಕ್ ಬೇಕಿತ್ತು," ಎಂದನಷ್ಟೆ.

* * *

ಕತ್ತಲಾಗುವ ಮೊದಲು ಸರಸ ಠಾಣೆಯಿಂದ ಬಂದಳು. ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು, ಬಿಟ್ಟುಹೋದ ಬುತ್ತಿ ಡಬ್ಬಿ ಕೇಳಿದಳು. ಜುಲೈಕಾ ತಪ್ಪಾಯಿತು ಎಂದಳು.

ಡಬ್ಬಿ ತಂದದ್ದು ಫಾಹಿಮಾ. "ಹೇಳಬೇಡ ಅಂತ ಉಪ್ಪ ಹೇಳಿದ್ದಲ್ವಾ ಸರಸಕ್ಕ. ಅದಕ್ಕೆ ನಾನು ಹೇಳಲಿಲ್ಲ."

ಸರಸ ಅವಳ ಕೆನ್ನೆ ಒರೆಸಿದಳು. "ಹೇಳಬೇಡ ಅಂತ ಯಾರು ಹೇಳಿದರೂ ಅದನ್ನೇ ಮೊದಲು ಬಂದು ಹೇಳಬೇಕು ಮಗಾ."

"ಯಾರ ಹತ್ತಿರ? ನೀನು ನಾಳೆ ಬರ್ತೀಯಾ?"

ಸರಸ ಜುಲೈಕಾಳ ಕಡೆ ನೋಡಲಿಲ್ಲ.

"ನೀನು ಕರೆದದ್ದಕ್ಕೆ ಬರ್ತೇನೆ," ಎಂದಳು.