ಪವರ್ ಬಟನ್ ಮೇಲಿನ ಕುಂಕುಮ

ಬಾಗಿಲು ಹಿಂದಿನಿಂದ ಧಡ್ ಎಂದು ಮುಚ್ಚಿಕೊಂಡಿತು. ಕೀಲಿ ತಿರುಗಿದ ಸದ್ದು. ಆಮೇಲೆ ಎಸಿ ನಿಂತುಹೋಯಿತು!

ಸರ್ವರ್ ರೂಮಿನಲ್ಲಿ ಎಸಿ ನಿಂತರೆ ಏನಾಗುತ್ತದೆ ಗೊತ್ತೇನ್ರೀ? ಅರ್ಧ ಗಂಟೆಯಲ್ಲಿ ಹಪ್ಪಳ ಒಣಗಿಸಬಹುದು.

"ಯಾರ್ರೀ ಅದು? ಬಾಗ್ಲು ತೆಗೀರಿ!"

"ಅಲ್ಲೇ ಇರಿ ಮೇಡಂ. ನಾಲ್ಕು ಗಂಟೆಗೆ ಸಾಫ್ಟ್‌ವೇರ್ ಕಂಪನಿ ಆಡಿಟರ್ ಬರ್ತಾರೆ, ಬಂದು ಹೋಗ್ಲಿ. ಆಮೇಲೆ ನಾನೇ ಕಾಫಿ ಕುಡಿಸ್ತೀನಿ."

ಹರಿಪ್ರಸಾದ್. ಭದ್ರಾವತಿಯ ಈ ಎರಕದ ಕಾರ್ಖಾನೆಯ ಮ್ಯಾನೇಜರ್. ಮಾಲೀಕ ಜಯಪ್ಪನವರ ಭಾಮೈದ.

ನಾನು ಸುಮನಾ. ಸಾಫ್ಟ್‌ವೇರ್ ಲೈಸೆನ್ಸ್ ಗಲಾಟೆ ಬಿಡಿಸುವುದು ನನ್ನ ಕಸುಬು. ಪಿಸ್ತೂಲ್ ಇಲ್ಲ. ಬ್ಯಾಗಿನಲ್ಲಿ ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಕರಾರಿನ ಸಣ್ಣಕ್ಷರ ಓದೋಕೆ ಒಂದು ಭೂತಗನ್ನಡಿ... ಅಷ್ಟೇ!

ಬೆಳಿಗ್ಗೆ ಜಯಪ್ಪನವರು ನನ್ನನ್ನು ಕರೆಸಿದ್ದರು. ಸಾಫ್ಟ್‌ವೇರ್ ಕಂಪನಿಯ ನೋಟಿಸು ಮೇಜಿನ ಮೇಲಿತ್ತು. ಪಕ್ಕದಲ್ಲೇ ಪೊಲೀಸ್ ಕಂಪ್ಲೇಂಟು, ಟೈಪ್ ಮಾಡಿ ರೆಡಿ.

"ಒಂದು ಸರ್ವರ್‌ನಲ್ಲಿ ಎರಡು ಓಡ್ಬೇಕಂತೆ, ಆರು ಓಡ್ತಿವೆಯಂತೆ! ಕಂಪ್ಯೂಟರ್ ನೋಡ್ಕೊಳ್ಳೋ ಆ ದೀಪಶ್ರೀ ಕಳ್ಳ ಕಾಪಿ ಹಾಕಿದಾಳೆ. ಸಂಜೆ ಸ್ಟೇಷನ್ನಿಗೆ ಕಳಿಸ್ತೀನಿ ಅವಳನ್ನ!"

"ನೋಡಿದ್ರಾ ಸಾರ್, ಅವಳು ಹಾಕಿದ್ದನ್ನ?"

"ನೋಡೋದೇನ್ರೀ? ಈ ಕೈಯಿಂದ ಕಟ್ಟಿದ ಫ್ಯಾಕ್ಟರಿ ಇದು!" ಎಂದು ಬಲಗೈ ಎತ್ತಿ ತೋರಿಸಿದರು. ಹೆಬ್ಬೆರಳ ತುದಿಯಲ್ಲಿ ಅಡ್ಡಕ್ಕೆ ಹಳೆಯ ಗಾಯದ ಗುರುತು. ಅಚ್ಚಿನ ಪೆಟ್ಟಿಗೆಗೆ ಸಿಕ್ಕಿದ್ದಂತೆ. ಬಂದವರಿಗೆಲ್ಲ ಅದನ್ನು ತೋರಿಸುತ್ತಾರಂತೆ.

ಈಗ ಟಾರ್ಚ್ ಹಾಕಿದೆ. ಮೂರು ಸರ್ವರ್ ಇರಬೇಕಾದ ಜಾಗದಲ್ಲಿ ಒಂದೇ ಒಂದು! ಉಳಿದೆರಡು ಖಾಲಿ. ಖಾಲಿ ಜಾಗದಲ್ಲಿ ಒಣಗಿದ ಚೆಂಡು ಹೂವು... ಚಿಟಿಕೆ ಕುಂಕುಮ.

ಕುಂಕುಮ?

ಬಾಗಿಲು ತೆರೆಯಿತು. ದೀಪಶ್ರೀ! ಇಪ್ಪತ್ತಾರರ ಹುಡುಗಿ, ಕೈಯಲ್ಲಿ ರೂಮಿನ ಇನ್ನೊಂದು ಕೀಲಿ, ಅತ್ತು ಕಣ್ಣು ಊದಿಸಿಕೊಂಡಿದ್ದಳು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂಸಿಎ ಓದಿ ಸೀದಾ ಇಲ್ಲಿಗೆ ಬಂದವಳು.

"ಮೇಡಂ, ಹರಿಪ್ರಸಾದ್ ಸಾರ್ ಎರಡು ಸರ್ವರ್‌ನೂ ಓಮ್ನಿಗೆ ಹಾಕ್ಕೊಂಡು ಶಿವಮೊಗ್ಗಕ್ಕೆ ಹೋದ್ರು! ಗಾಂಧಿ ಬಜಾರ್‌ನಲ್ಲಿ ಯಾರೋ ಒಳಗಿನ ದಾಖಲೆನೆಲ್ಲ ಅಳಿಸಿ ಕ್ಲೀನ್ ಮಾಡ್ಕೊಡ್ತಾರಂತೆ."

"ಕುಂಕುಮ ಯಾಕೆ ಬಿದ್ದಿದೆ ಇಲ್ಲಿ?"

"ಆಯುಧ ಪೂಜೆದು ಮೇಡಂ. ಹಬ್ಬದ ದಿನ ಮಿಷನ್‌ಗೆಲ್ಲ ರಜೆ ಕೊಡ್ಬೇಕು ಅಂದ್ರು ಜಯಪ್ಪ ಸಾರ್. ಪೂರ್ತಿ ಆಫ್ ಮಾಡಿದ್ರೆ ಬಿಲ್ಲಿಂಗ್ ನಿಲ್ಲುತ್ತೆ ಅಂದೆ. ಹಂಗಾದ್ರೆ ಎಲ್ಲಾ ಒಂದಕ್ಕೇ ಹಾಕು, ಎರಡಕ್ಕೆ ರಜೆ ಕೊಡು ಅಂದ್ರು. ಹಾಕಿದೆ."

"ಆಮೇಲೆ ವಾಪಸ್ ಆನ್ ಮಾಡ್ಲಿಲ್ವಾ?"

"ಬಟನ್ ಮೇಲೆ ಸಾರೇ ಕುಂಕುಮ ಇಟ್ಟು, ನಾನೇ ಬಂದು ಆನ್ ಮಾಡ್ತೀನಿ, ಯಾರೂ ಮುಟ್ಟಬೇಡಿ ಅಂದ್ರು. ಬರ್ಲೇ ಇಲ್ಲ. ಎರಡು ಸಲ ನೆನಪಿಸಿದೆ... ಬೈದ್ರು. ಮೂರು ತಿಂಗಳಾಯ್ತು."

ನನಗೆ ನಗು ಬಂತು. ಸಿಟ್ಟೂ ಬಂತು. ಸಿಟ್ಟೇ ಜಾಸ್ತಿ.

ಇಷ್ಟೇ ಕಣ್ರೀ ವಿಷಯ. ಇವರ ಲೈಸೆನ್ಸಿನ ಪ್ರಕಾರ ಒಂದು ಪೆಟ್ಟಿಗೆಯೊಳಗೆ ಎರಡೇ ವರ್ಚುವಲ್ ಸರ್ವರ್, ಅಂದರೆ ಸಾಫ್ಟ್‌ವೇರ್‌ನಿಂದಲೇ ಮಾಡಿದ ಸರ್ವರ್, ಓಡಬೇಕು. ಮೂರು ಪೆಟ್ಟಿಗೆಗೆ ಮೂರು ಲೈಸೆನ್ಸ್, ಒಟ್ಟು ಆರು. ಲೆಕ್ಕ ಸರಿ ಇದೆಯಲ್ಲ ಅನ್ನಬೇಡಿ! ಮೂರು ಆಟೋಗೆ ಪರ್ಮಿಟ್ ಇದೆ ಅಂತ ಮೂರು ಆಟೋದ ಜನರನ್ನೂ ಒಂದೇ ಆಟೋಗೆ ತುಂಬಿದರೆ ಪೊಲೀಸಿನವನು ಸಲಾಂ ಹೊಡೀತಾನಾ?

ಕಳ್ಳ ಕಾಪಿ ಒಂದೂ ಇಲ್ಲ. ರಜೆ ಕೊಟ್ಟವರು ರಜೆ ಮುಗಿಸಲು ಮರೆತಿದ್ದರು. ಅದಕ್ಕೆ ಈ ಹುಡುಗಿ ಜೈಲಿಗೆ ಹೋಗಬೇಕು!

"ಯಾವತ್ತು ಆಫ್ ಆಯ್ತು ಅಂತ ಕಂಪ್ಯೂಟರ್‌ನಲ್ಲಿ ಲಾಗ್ ಇದೆ ಮೇಡಂ."

"ಅದನ್ನೂ ನೀನೇ ಟೈಪ್ ಮಾಡಿದೀಯ ಅಂತಾರೆ. ನಂಗೆ ಆ ಬಟನ್ ಬೇಕು. ನಿನ್ನ ಸ್ಕೂಟಿ ಕೀ ಕೊಡು!"

ಬಿ.ಎಚ್. ರಸ್ತೆಯಲ್ಲಿ ಓಮ್ನಿ ಕಣ್ಣಿಗೆ ಬಿತ್ತು. ನಾನು ಅರವತ್ತು. ಅವನೂ ಅರವತ್ತು. ಅದಕ್ಕಿಂತ ಜಾಸ್ತಿ ಎರಡೂ ಗಾಡಿಗೆ ತಾಕತ್ತಿರಲಿಲ್ಲ.

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಎಡಕ್ಕೆ ಕಟ್ ಹೊಡೆದ! ಸ್ಕೂಟಿ ರಸ್ತೆ ಬಿಟ್ಟು ಜಲ್ಲಿಗೆ ಇಳಿಯಿತು. ಮೊಣಕಾಲ ಚರ್ಮ ಕಿತ್ತುಹೋಯಿತು. ರಕ್ತ... ಎದ್ದೆ. ಮತ್ತೆ ಹತ್ತಿದೆ.

ಅವನನ್ನು ಹಿಡಿದದ್ದು ನಾನಲ್ಲ, ಗಾಂಧಿ ಬಜಾರ್! ಮುಂದೆ ಬಟ್ಟೆ ಬೇಲ್ ತುಂಬಿದ ತಳ್ಳುಗಾಡಿ, ಹಿಂದೆ ಲಗೇಜ್ ಆಟೋ. ನಡುವೆ ಓಮ್ನಿ ಅಲ್ಲಾಡುವ ಹಾಗಿರಲಿಲ್ಲ.

ಸ್ಲೈಡಿಂಗ್ ಡೋರ್ ಎಳೆದೆ. ಹರಿಪ್ರಸಾದ್ ಹಿಂದಿನ ಸೀಟಿಗೆ ಹಾರಿ ಕೂತಿದ್ದ. ತೊಡೆಯ ಮೇಲೆ ಸರ್ವರ್. ಕೈಯಲ್ಲಿ...

ಒದ್ದೆ ಬಟ್ಟೆ!

"ಹತ್ತಿರ ಬಂದ್ರೆ ಒರೆಸಿಬಿಡ್ತೀನಿ!"

ಎಷ್ಟೋ ಬೆದರಿಕೆ ಕೇಳಿದ್ದೇನೆ. ಇಂಥದ್ದು ಇದೇ ಮೊದಲು.

"ಬಟ್ಟೆ ಕೆಳಗಿಡಿ."

"ನಮ್ ಭಾವನ ಮರ್ಯಾದೆ ಪ್ರಶ್ನೆ ಮಾರಾಯ್ತಿ! ಆ ಹುಡುಗಿಗೆ ಇನ್ನೊಂದು ಕೆಲಸ ಸಿಗುತ್ತೆ!"

"ಪೊಲೀಸ್ ಕೇಸ್ ಇರೋಳಿಗೆ ಯಾರ್ರೀ ಕೆಲಸ ಕೊಡ್ತಾರೆ? ನಿಮ್ಮ ಭಾವ ಕೊಡ್ತಾರಾ?"

ಅವನು ತಬ್ಬಿಬ್ಬಾದ. ಆ ಒಂದು ಕ್ಷಣ ಸಾಕಾಯಿತು. ಮಣಿಕಟ್ಟು ಹಿಡಿದು ತಿರುಚಿದೆ. ಬಟ್ಟೆ ನೆಲಕ್ಕೆ ಬಿತ್ತು. "ಅಯ್ಯಯ್ಯೋ ಕೈ! ಕೈ!"

"ಈಗ ಗಾಡಿ ತಿರುಗಿಸಿ. ಕಾಫಿ ಕುಡಿಸ್ತೀನಿ ಅಂದಿದ್ರಲ್ಲ, ಭದ್ರಾವತಿಯಲ್ಲೇ ಕುಡಿಯೋಣ."

ಮೂರು ಗಂಟೆ ಹತ್ತು ನಿಮಿಷ. ಜಯಪ್ಪನವರ ಮೇಜಿನ ಮೇಲೆ ಎರಡೂ ಸರ್ವರ್ ಇಟ್ಟೆ. ದೀಪಶ್ರೀ ಬಾಗಿಲ ಹತ್ತಿರ ನಿಂತಿದ್ದಳು. ಹರಿಪ್ರಸಾದ್ ಕೈ ನೀವಿಕೊಳ್ಳುತ್ತ ಮೂಲೆಯಲ್ಲಿದ್ದ.

ಪವರ್ ಬಟನ್ ಮೇಲೆ ಕುಂಕುಮ ಗಟ್ಟಿಯಾಗಿ ಒಣಗಿತ್ತು. ಬಟನ್ನಿನ ಅಂಚು ದಾಟಿ ಸುತ್ತಲಿನ ತಗಡಿಗೂ ಹಿಡಿದಿತ್ತು. ಒಂದು ಬಿರುಕೂ ಇರಲಿಲ್ಲ. ಹಬ್ಬದಿಂದೀಚೆಗೆ ಯಾರೂ ಒತ್ತಿಲ್ಲ.

ಭೂತಗನ್ನಡಿ ಅವರ ಕೈಗೆ ಕೊಟ್ಟೆ.

"ನೋಡಿ ಸಾರ್."

ಬಗ್ಗಿ ನೋಡಿದರು. ಕುಂಕುಮದಲ್ಲಿ ಹೆಬ್ಬೆರಳ ಗುರುತು. ಅದರ ನಡುವೆ ಅಡ್ಡಕ್ಕೆ ಒಂದು ಗೆರೆ. ಇನ್ನೊಂದು ಸರ್ವರ್ ಮೇಲೂ ಅದೇ ಗೆರೆ!

ಜಯಪ್ಪನವರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. ಈ ಸಲ ಯಾರಿಗೂ ತೋರಿಸಲಿಲ್ಲ.

ಕಂಪ್ಲೇಂಟನ್ನು ಎತ್ತಿಕೊಂಡರು. ಎರಡು ತುಂಡು, ನಾಲ್ಕು ತುಂಡು. ದೀಪಶ್ರೀ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಆದರೆ ಕೆಲಸ ಮುಗಿದಿರಲಿಲ್ಲ. ಆಡಿಟರ್‌ಗೆ ಕೊಡಲು ಜಯಪ್ಪನವರ ಹೆಸರಿನಲ್ಲಿ ಒಂದು ಕಾಗದ ಬರೆದಿಟ್ಟಿದ್ದೆ. ಸರ್ವರ್‌ಗಳನ್ನು ಒಂದಕ್ಕೇ ಸೇರಿಸಿದ್ದು ನನ್ನ ಆದೇಶದಿಂದ, ದೀಪಶ್ರೀಯದು ಇದರಲ್ಲಿ ತಪ್ಪಿಲ್ಲ, ಕೊರತೆ ಬಿದ್ದ ಲೈಸೆನ್ಸ್ ತೆಗೆದುಕೊಳ್ಳುತ್ತೇವೆ... ಕೆಳಗೆ ಮಾಲೀಕರ ಸಹಿಗೆ ಜಾಗ.

"ಸೈನ್ ಮಾಡಿ ಸಾರ್."

ಪೆನ್ನು ಹಿಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಪೆನ್ನು ಕೆಳಗಿಟ್ಟರು.

"ಇವತ್ತು ಮಂಗಳವಾರ... ನಾಲ್ಕೂವರೆ ತನಕ ರಾಹುಕಾಲ. ಅದೊಂದು ಮುಗೀಲಿ ಮೇಡಂ."

ಹೊರಗೆ ಕಾರು ನಿಂತ ಸದ್ದು. ಆಡಿಟರ್, ಮುಕ್ಕಾಲು ಗಂಟೆ ಮೊದಲೇ! ದೀಪಶ್ರೀಯ ಮುಖ ಮತ್ತೆ ಬಿಳಿಚಿತು.

ಕುಂಕುಮದ ಬಟ್ಟಲನ್ನು ದೇವರ ಫೋಟೋ ಪಕ್ಕದಿಂದ ತಂದು ಅವರ ಮುಂದಿಟ್ಟೆ.

"ಸೈನ್ ಹಾಕೋಕೆ ಆಗ್ಲಿಲ್ಲ ಅಂದ್ರೆ ಹೆಬ್ಬೆಟ್ಟು ಒತ್ತಿ ಸಾರ್... ಎರಡು ಕಡೆ ಒತ್ತಿ ಅಭ್ಯಾಸ ಇದೆಯಲ್ಲ!"