ಕೆಂಪು ಹಣ್ಣಿನ ಗ್ರಹ

ಬಾಗಿಲು ಹೊರಗಿನಿಂದ ಮುಚ್ಚಿತು. ಚಿಲಕ ಬಿದ್ದ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು.

ಎರಡು ಚಿಲಕ. ನಾಲ್ಕಿಂಚು ದಪ್ಪದ ಬಾಗಿಲು. ಒಳಗೆ ಕತ್ತಲು, ಚಳಿ, ಮೂಗಿಗೆ ಅಡರುವ ಬಾಳೆಹಣ್ಣಿನ ವಾಸನೆ.

ಹಣೆಯಿಂದ ಏನೋ ಬೆಚ್ಚಗೆ ಇಳಿಯುತ್ತಿತ್ತು. ಒರೆಸಿ ನೋಡಲಿಲ್ಲ. ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದವನಿಗೆ ತನ್ನ ರಕ್ತದ ಪರಿಚಯ ಇರುತ್ತದೆ.

"ಯಾರ್ರಿ ಅದು?" ಕತ್ತಲಲ್ಲಿ ಒಂದು ದನಿ. ವಯಸ್ಸಾದವರದ್ದು.

"ನಿಮ್ಮನ್ನ ಬಿಡಸಾಕ ಬಂದೀನಿ."



"ಹಂಗಾದ್ರ ಕೂಡ್ರಿ," ಎಂದಿತು ದನಿ. "ಬಲಗಡೆ ಕ್ರೇಟ್ ಅದ."

ತಡಕಾಡಿ ಕೂತೆ. "ಅಂಬಣ್ಣಾರ ಹೌದಿಲ್ರಿ? ನಾ ರೇವಣ. ಮಲ್ಲಿಕಾ ಕಳಿಸ್ಯಾಳ."

"ಆಕಿಗೆ ತಿಳೀತಾ?" ದನಿಗೆ ಈಗ ಜೀವ ಬಂತು. "ಯಾರಿಗೂ ತಿಳಿಲಿಲ್ಲ ಅನ್ಕೊಂಡಿದ್ದೆ."

"ಉಳಿದವರೆಲ್ಲ ನಿಮ್ಮನ್ನ ಬೈಯಾಕತ್ತಾರ. ನೂರಾ ನಲವತ್ತು ಮೆಸೇಜ್. ತಿಳದದ್ದು ಆಕಿಗೊಬ್ಬಾಕಿಗೆ."

ಅಲ್ಲಿಗೆ ಹೇಗೆ ಬಂದೆ ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಿಮಗೆ ಇದೆಲ್ಲ ಹುಚ್ಚರ ಸಂತೆ ಅನಿಸುತ್ತದೆ. ನನಗೂ ಮೊದಲ ದಿನ ಹಾಗೇ ಅನಿಸಿತ್ತು.

ಮೊದಲ ದಿನ ಅಂದರೆ ಮಂಗಳವಾರ. ನೆಹರು ಗಂಜ್‌ನಲ್ಲಿ ಒಂದು ಬೇಳೆ ಅಂಗಡಿಯ ಮೇಲೆ ನನ್ನ ಆಫೀಸು. ಕೆಳಗೆ ತೊಗರಿ ಚೀಲ ಇಳಿಸಿದರೆ ಮೇಲೆ ನನಗೆ ಸೀನು. ಕಳೆದುಹೋದ ಗಂಡ, ಓಡಿಹೋದ ಡ್ರೈವರ್, ಸುಳ್ಳು ವಿಳಾಸ... ಇಂಥವನ್ನು ಹುಡುಕುವುದು ನನ್ನ ಕೆಲಸ. ಹುಡುಕಿದ ಮೇಲೆ ಯಾರಿಗೂ ಖುಷಿ ಆದದ್ದನ್ನು ನಾನು ನೋಡಿಲ್ಲ.

ಇಬ್ಬರು ಬಂದರು. ಮಲ್ಲಿಕಾ, ಕನ್ನಡಕದ ಅಂಗಡಿಯವಳು, ಮೂವತ್ತೈದರ ಹತ್ತಿರ. ಜೊತೆಗೆ ಶಫಿ, ಟೇಲರ್. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ನಮ್ಮ ಗ್ರೂಪಿನವರು ಒಬ್ಬರು ಕಾಣಾಕತ್ತಿಲ್ರಿ," ಎಂದಳು ಮಲ್ಲಿಕಾ.

"ಎಂಥಾ ಗ್ರೂಪು?"

"ಏಳನೇ ಕಕ್ಷೆ ಅಂತ ಒಂದು ಸೀರಿಯಲ್ ಅದ. ಕಾರ್ಟೂನ್. ಬಾಹ್ಯಾಕಾಶದ್ದು."

ನಾನು ಅವರಿಬ್ಬರ ಮುಖ ನೋಡಿದೆ. ನಗುತ್ತಿರಲಿಲ್ಲ.

"ಕಾರ್ಟೂನ್ ಅಂತ ಹಗುರ ತಗೋಬ್ಯಾಡ್ರಿ," ಎಂದ ಶಫಿ. "ಐವತ್ತೆರಡು ಕಂತು. ಅದರ ಮ್ಯಾಲೆ ಎರಡು ಸಿನಿಮಾ, ಕಾಮಿಕ್ಸ್ ಪುಸ್ತಕ, ಗೇಮ್. ಈಗ ಹೊಸಾದು ಬರಾಕತ್ತದ. ಆದ್ರ ಖರೇ ಕತಿ ಅಂದ್ರ ಐವತ್ತೆರಡು ಕಂತಷ್ಟೇ. ಉಳಿದದ್ದೆಲ್ಲ ಲೆಕ್ಕಕ್ಕಿಲ್ಲ."

"ಸಿನಿಮಾ ಯಾಕ ಲೆಕ್ಕಕ್ಕಿಲ್ಲ?" ಮಲ್ಲಿಕಾ ಅವನ ಕಡೆ ತಿರುಗಿದಳು. "ಕ್ಯಾಪ್ಟನ್ ಇರಾಳ ಅವ್ವನ ಸುದ್ದಿ ಸಿನಿಮಾದಾಗ ಬಿಟ್ರ ಎಲ್ಲಿ ಅದ?"

"ಅದಕ್ಕ ಹೇಳೋದು. ಇಪ್ಪತ್ತನೇ ಕಂತಿನ್ಯಾಗ ಅವ್ವ ಸತ್ತಾಳ. ಸಿನಿಮಾದಾಗ ಹ್ಯಾಂಗ ಬದುಕಿ ಬಂದಳು?"

"ಮನುಷ್ಯ ಕಾಣಾಕತ್ತಿಲ್ಲ ಅಂದ್ರಿ," ಎಂದೆ.

ಜಗಳ ಅಲ್ಲಿಗೆ ನಿಂತಿತು.

ಮನುಷ್ಯನ ಹೆಸರು ಅಂಬಣ್ಣ. ವಯಸ್ಸು ಅರವತ್ತಮೂರು. ಭೂಮಾಪನ ಇಲಾಖೆಯಿಂದ ನಿವೃತ್ತ. ಮದುವೆ ಆಗಿಲ್ಲ. ಖೂಬಾ ಪ್ಲಾಟ್‌ನಲ್ಲಿ ಒಂದು ಬಾಡಿಗೆ ಕೋಣೆ. ಗ್ರೂಪಿನಲ್ಲಿ ಜಗಳವಾದರೆ ತೀರ್ಪು ಅವರದು. ಯಾವ ಕಂತಿನಲ್ಲಿ ಯಾರು ಯಾವ ಬಾಗಿಲಿನಿಂದ ಬಂದರು ಅಂತ ಬಾಯಿಪಾಠ. ಶನಿವಾರ ಮುಂಜಾನೆ ವಾಕಿಂಗ್ ಹೋದವರು ತಿರುಗಿ ಬಂದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಆದರೆ ದಿನಕ್ಕೊಂದು ಮೆಸೇಜ್ ಗ್ರೂಪಿಗೆ ಬರುತ್ತದೆ.

ಮೆಸೇಜ್ ಮಾಡುವ ಮನುಷ್ಯನನ್ನು ಕಾಣೆಯಾದವನು ಅಂತ ಯಾರು ಬರೆದುಕೊಳ್ಳುತ್ತಾರೆ? ಪೊಲೀಸ್ ಇಲಾಖೆಯಲ್ಲಿದ್ದಾಗ ನಾನೂ ಬರೆದುಕೊಳ್ಳುತ್ತಿರಲಿಲ್ಲ.

"ಇದನ್ನ ಓದ್ರಿ," ಅಂತ ಮಲ್ಲಿಕಾ ಫೋನ್ ಕೊಟ್ಟಳು. ಸೋಮವಾರದ ಮೆಸೇಜ್.

'ನಲವತ್ತೊಂದನೇ ಕಂತಿನಲ್ಲಿ ಇರಾಳನ್ನು ಕೆಂಪು ಹಣ್ಣಿನ ಗ್ರಹದಲ್ಲಿ, ಹಣ್ಣಿನ ತಂಪು ಕೋಣೆಯಲ್ಲಿ ಕೂಡಿಹಾಕಿದ್ದರು. ಗುರುವಾರದ ತನಕ.'

ಕೆಳಗೆ ಜನ ಮುಗಿಬಿದ್ದಿದ್ದರು. ಮೊದಲು ಬರೆದವನು ವಿವೇಕಾನಂದ ಅಂತ ಒಬ್ಬ. 'ಸರ್, ವಯಸ್ಸಾಯಿತು. ಅದು ಹಿಮದ ಗಣಿ.' ಅವನ ಹಿಂದೆ ಉಳಿದವರು. ಬಾಹ್ಯಾಕಾಶದಲ್ಲಿ ಗುರುವಾರ ಎಲ್ಲಿಂದ ಬಂತು ಅಂತ ಒಬ್ಬ. ಮುದುಕರಿಗೆ ಮರೆವು ಅಂತ ಇನ್ನೊಬ್ಬ.

"ಕೆಂಪು ಹಣ್ಣಿನ ಗ್ರಹ ಅನ್ನೋದು ಯಾವ ಕಂತಿನ್ಯಾಗೂ ಇಲ್ರಿ," ಎಂದಳು ಮಲ್ಲಿಕಾ. "ಸಿನಿಮಾದಾಗ ಇಲ್ಲ. ಕಾಮಿಕ್ಸ್‌ನ್ಯಾಗ ಇಲ್ಲ. ಆರು ವರ್ಷದಾಗ ಅವರು ಒಂದು ತಪ್ಪು ಮಾಡಿದ್ದು ನಾ ನೋಡಿಲ್ಲ. ಒಂದೇ ಮೆಸೇಜಿನ್ಯಾಗ ಇಷ್ಟು ತಪ್ಪು ಮಾಡೋ ಮನಷ್ಯಾ ಅಲ್ಲ ಅವರು."

"ಗುರುವಾರ ಏನಾದರೂ ಅದ ಏನು ಅವರಿಗೆ?"

"ಕೋರ್ಟ್ ಅದ," ಎಂದ ಶಫಿ. "ಸಾಕ್ಷಿ ಹೇಳೋದಿತ್ತು. ಕುಸನೂರದ ಒಂದು ಲೇಔಟಿಂದು."

ಆ ಲೇಔಟು ನನಗೆ ಗೊತ್ತಿತ್ತು. ಸುನೀಲಕುಮಾರ ಎನ್ನುವವನದು. ನಾಲೆಯನ್ನು ಮುಚ್ಚಿ ಅರವತ್ತೆರಡು ಸೈಟು ಮಾಡಿ ಮಾರಿದ್ದ. ಅಲ್ಲಿ ನಾಲೆಯೇ ಇರಲಿಲ್ಲ ಅನ್ನುವುದು ಅವನ ವಾದ. ಮೂವತ್ತು ವರ್ಷದ ಹಿಂದೆ ಸರಪಳಿ ಹಿಡಿದು ಆ ನಾಲೆಯನ್ನು ಅಳೆದವರು ಅಂಬಣ್ಣ.

ಕೆಂಪು ಹಣ್ಣು. ತಂಪು ಕೋಣೆ.

ನಮ್ಮ ಕಡೆ ಕೆಂಪು ಹಣ್ಣು ಅಂದರೆ ಬಾಳೆಹಣ್ಣು. ಕೆಂಪು ಬಾಳೆಗೆ ಹೆಸರಾದ ಊರು ಕಮಲಾಪುರ. ಇದಕ್ಕೆ ಬುದ್ಧಿ ಬೇಕಿಲ್ಲ. ಭಯ ಬೇಕು. ಅದು ಮಲ್ಲಿಕಾಳ ಹತ್ತಿರ ಇತ್ತು.

ಬುಧವಾರ ಮುಂಜಾನೆ ಬೈಕ್ ಹತ್ತಿ ಹುಮನಾಬಾದ್ ರಸ್ತೆ ಹಿಡಿದೆ. ಕಮಲಾಪುರದಲ್ಲಿ ಹಣ್ಣು ಮಾಗಿಸುವ ತಂಪು ಕೋಣೆಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಗುರುವಾರ ದಾಟಿಹೋಗುತ್ತಿತ್ತು. ಖಾನಾವಳಿಗೆ ಹೋದೆ. ಕೂಡಿಹಾಕಿದ ಮನುಷ್ಯನಿಗೂ ಹಸಿವೆ ಆಗುತ್ತದೆ.

"ಹಣ್ಣಿನ ಕೋಣಿಗೆ ಊಟ ಯಾರರ ಒಯ್ಯತಾರೇನವ್ವ?"

"ಮಲ್ಲು ಒಯ್ಯತಾನ," ಎಂದಳು ರೊಟ್ಟಿ ಬಡಿಯುತ್ತಿದ್ದ ಮುದುಕಿ. "ಶನಿವಾರದಿಂದ ಇಬ್ಬರದು. ಖಾರ ಕಮ್ಮಿ ಹಾಕು ಅಂತಾನ. ಮಲ್ಲು ಎಂದೂ ಖಾರ ಕಮ್ಮಿ ತಿಂದಾವಲ್ಲ."

ಅವಳೇ ದಾರಿ ಹೇಳಿದಳು: ಊರ ಹೊರಗೆ, ಬಾಳೆ ತೋಟದ ಅಂಚಿಗೆ, ಮಲ್ಲು ಕಾಯುವ ನೀಲಿ ಬಾಗಿಲಿನ ಕೋಣೆ. ಮಲ್ಲಿಕಾಗೆ ಫೋನ್ ಮಾಡಿ ಜಾಗ ಹೇಳಿದೆ. "ಅರ್ಧ ತಾಸಿನ್ಯಾಗ ನಾ ಫೋನ್ ಮಾಡಲಿಲ್ಲ ಅಂದ್ರ ಪೊಲೀಸರಿಗೆ ಹೇಳು, ತಂಗಿ."

ಚಿಲಕ ತೆಗೆದೆ. ಒಳಗೆ ಒಂದು ಹೆಜ್ಜೆ ಇಟ್ಟೆ. ಹಿಂದಿನಿಂದ ತಲೆಗೆ ಏನೋ ಬಿತ್ತು. ಯಾರೋ ಜೇಬಿಗೆ ಕೈಹಾಕಿ ಫೋನ್ ಕಿತ್ತುಕೊಂಡು ನನ್ನನ್ನು ಒಳಕ್ಕೆ ದೂಕಿದರು.

ವಯಸ್ಸು ನನಗೂ ಆಗಿದೆ.

"ಮೆಸೇಜ್ ಹ್ಯಾಂಗ ಕಳಿಸಿದ್ರಿ?" ಅಂತ ಕತ್ತಲಲ್ಲಿ ಕೂತು ಅಂಬಣ್ಣನನ್ನು ಕೇಳಿದೆ.

"ಊಟ ತರೋ ಮಲ್ಲುನೇ ಕಳಸು ಅಂದ. ದಿನಾ ಬರಿತಿದ್ರಂತ, ಬರಿಲಿಲ್ಲ ಅಂದ್ರ ಮಂದಿ ಹುಡುಕ್ತಾರ, ದಿನಾ ಒಂದು ಬರೀರಿ ಅಂದ. ಬರದದ್ದನ್ನ ಎರಡು ಸಲ ಓದಿದ. ಕಾರ್ಟೂನ್ ಸುದ್ದಿ ಅಂತ ತಾನೇ ಬಟನ್ ಒತ್ತಿದ."

ನಾನು ನಕ್ಕೆ. ನಕ್ಕಿದ್ದಕ್ಕೆ ಉಸಿರು ಕಟ್ಟಿತು.

"ನಗಬ್ಯಾಡ್ರಿ," ಎಂದರು ಅಂಬಣ್ಣ. "ಈ ಕೋಣಿ ಇಪ್ಪತ್ತು ಫೂಟ್ ಉದ್ದ, ಹತ್ತು ಅಗಲ. ಹೆಜ್ಜಿ ಹಾಕಿ ಅಳದೀನಿ. ಅರ್ಧ ಹಣ್ಣೇ ಅದ. ಹಣ್ಣೂ ಉಸಿರಾಡ್ತದ. ದಿನಾ ಎರಡು ಸಲ ಬಾಗಿಲಾ ತಗದು ಗಾಳಿ ಬಿಡ್ತಿದ್ದ. ನನ್ನ ಸಲುವಾಗಿ ಅಲ್ಲ, ಹಣ್ಣಿನ ಸಲುವಾಗಿ. ಇವತ್ತ ಬಿಟ್ಟಿಲ್ಲ. ಈಗ ಉಸಿರಾಡೋರು ಇಬ್ಬರಾದಿವಿ."

"ಎಷ್ಟೊತ್ತು ನಡೀತದ?"

"ಸಂಜಿ ತನಕ ನಡ್ಯಂಗಿಲ್ಲ."

ತಲೆ ಆಗಲೇ ಭಾರವಾಗಿತ್ತು. ಗೋಡೆ ತಡವುತ್ತ ಹೋದೆ. ಕೂಲಿಂಗ್ ಮಷಿನ್‌ನ ಕೆಳಗೆ ನೀರು ಹೋಗುವ ಒಂದು ಪ್ಲಾಸ್ಟಿಕ್ ಪೈಪು. ಕ್ರೇಟ್ ಒಡೆದು, ಅದರ ಚೂರಿನಿಂದ ಪೈಪಿನ ಸುತ್ತಲಿನ ಸಿಮೆಂಟು ಕೆದರಿದೆ. ಉಗುರು ಹೋಯಿತು. ಕೊನೆಗೆ ಪೈಪು ಕಿತ್ತು ಬಂತು. ರೂಪಾಯಿ ನಾಣ್ಯದಷ್ಟು ಬೆಳಕು.

ಸರದಿಯ ಮೇಲೆ ಆ ತೂತಿಗೆ ಬಾಯಿ ಹಚ್ಚಿ ಉಸಿರು ತೆಗೆದುಕೊಂಡೆವು. ಮೊದಲು ಅವರು. ಆಮೇಲೆ ನಾನು.

"ಒಂದು ಮಾತು ಕೇಳಲಿ?" ಎಂದೆ. ಅವರು ನಿದ್ದೆ ಹೋಗಬಾರದು ಅಂತ ಮಾತು. "ಕಾರ್ಟೂನಿನ ಅವ್ವ ಸತ್ತಳೋ ಬದುಕಿದಳೋ ಅಂತ ಯಾಕ್ರಿ ಅಷ್ಟು ಜಗಳಾ?"

ಅವರು ತೂತಿಗೆ ಬಾಯಿ ಹಚ್ಚಿ ಒಂದು ಉಸಿರು ಎಳೆದುಕೊಂಡರು.

"ಮೂವತ್ತಾರು ವರ್ಷ ಕಲ್ಲಿಂದ ಕಲ್ಲಿಗೆ ಅಳದೀನಿ," ಎಂದರು ಆಮೇಲೆ. "ನಾ ಇಟ್ಟ ಗಡಿ ಕಲ್ಲು ಮರುವರ್ಷ ಹೋದ್ರ ಇದ್ದ ಜಾಗಾದಾಗ ಇರ್ತಿರಲಿಲ್ಲ. ರಾತ್ರಿ ಯಾರರ ಸರಸ್ತಿದ್ರು. ಕತಿಯೊಳಗರ ಹಾಕಿದ ಕಲ್ಲು ಹಾಕಿದಲ್ಲೇ ಇರಲಿ ಅಂತ ಆಸೆ. ಅಷ್ಟರಿ."

ನನ್ನ ಸರದಿಯನ್ನೂ ಅವರಿಗೇ ಬಿಟ್ಟು ಸರಿದು ಕೂತೆ.

ಎಷ್ಟು ಹೊತ್ತಾಯಿತೋ. ಅಂಬಣ್ಣ ನನ್ನ ಭುಜಕ್ಕೆ ಒರಗಿದ್ದರು. ನನ್ನ ಕಣ್ಣ ಮುಂದೆ ಹಳದಿ ಚುಕ್ಕೆಗಳು. ಆಗ ತೂತಿನಲ್ಲಿ ಗದ್ದಲ ಕೇಳಿಸಿತು. ಬಹಳ ಜನರ ಗದ್ದಲ.

"ಬಾಗಿಲಾ ತಗೀ." ಮಲ್ಲಿಕಾಳ ದನಿ.

"ಇದು ಖಾಸಗಿ ಜಾಗಾ. ನಡೀರಿ ಎಲ್ಲಾರೂ." ಇದು ಮಲ್ಲು.

"ಇಪ್ಪತ್ಮೂರು ಫೋನ್ ನಿನ್ನ ಮುಖದ ಮ್ಯಾಲೆ ಅದಾವ. ಲೈವ್ ಹೊಂಟದ. ತಗೀತಿಯೋ, ಒಡೀಲೋ?"

ಪೊಲೀಸರಿಗೆ ಹೇಳಿದ ಮೇಲೆ ಮಲ್ಲಿಕಾ ಗ್ರೂಪಿಗೂ ಒಂದು ಸಾಲು ಬರೆದಿದ್ದಳು. ಅವತ್ತಿನ ತನಕ ಒಂದು ಮಾತಿಗೂ ಒಪ್ಪದ ಜನ ಒಂದೇ ಟೆಂಪೋದಲ್ಲಿ ಕೂತು ಪೊಲೀಸರಿಗಿಂತ ಮೊದಲೇ ಬಂದಿದ್ದರು.

ಚಿಲಕ ಸರಿಯಿತು. ಬೆಳಕು ಬಡಿಯಿತು. ಬೆಳಕಿನ ನಡುವೆ ಮಲ್ಲು, ಕೈಯಲ್ಲಿ ಬಾಳೆಗೊನೆ ಕಡಿಯುವ ಕುಡುಗೋಲು. ಅಂಬಣ್ಣನನ್ನು ಅಡ್ಡ ಹಿಡಿದು ಜನರನ್ನು ದಾಟಿ ಹೋಗುವುದು ಅವನ ಲೆಕ್ಕ. ಒಳಗೆ ಕಾಲಿಟ್ಟ.

ತುಂಬಿದ ಕ್ರೇಟ್ ಎತ್ತಿ ಅವನ ಎದೆಗೆ ಎಸೆದೆ. ಕುಡುಗೋಲು ಬಿತ್ತು. ಅವನು ತಿರುಗಿ ಜನರನ್ನು ತಳ್ಳಿಕೊಂಡು ಬಾಳೆ ತೋಟಕ್ಕೆ ನುಗ್ಗಿದ.

ಹಿಂದೆ ಓಡಿದೆ. ಓಡಿದೆ ಅನ್ನುವುದು ದೊಡ್ಡ ಮಾತು. ಎಲೆಗಳು ಮುಖಕ್ಕೆ ಬಡಿದವು. ಹಸಿ ಮಣ್ಣು. ಮೂವತ್ತು ಹೆಜ್ಜೆಗೆ ಎಡ ಮೊಣಕಾಲು ಕೈಕೊಟ್ಟಿತು. ಕೂತುಬಿಟ್ಟೆ. ಪಕ್ಕದ ಸಾಲಿನಲ್ಲಿ ಯಾರೋ ಗಾಳಿಯ ಹಾಗೆ ದಾಟಿದರು. ಸ್ವಲ್ಪ ಹೊತ್ತಿಗೆ ಒಂದು ಕಿರುಚಾಟ. ಹೋಗಿ ನೋಡಿದರೆ ಮಲ್ಲು ಕಾಲುವೆಯಲ್ಲಿ ಬೋರಲು ಬಿದ್ದಿದ್ದ. ಅವನ ಬೆನ್ನ ಮೇಲೆ ಶಫಿ ಕೂತಿದ್ದ. ಟೇಪಿನಿಂದ ಎರಡೂ ಕೈ ಬಿಗಿದಿದ್ದ.

ಹೊರಗೆ ಅಂಬಣ್ಣನನ್ನು ನೆರಳಿಗೆ ಕೂಡಿಸಿದ್ದರು. ದಪ್ಪ ಮೀಸೆಯ ಒಬ್ಬ ಮನುಷ್ಯ ಅವರ ತಲೆ ಹಿಡಿದು ನೀರು ಕುಡಿಸುತ್ತ ಅಳುತ್ತಿದ್ದ.

"ಯಾರು ಅವ?" ಎಂದೆ.

"ವಿವೇಕಾನಂದ," ಎಂದಳು ಮಲ್ಲಿಕಾ. "ವಯಸ್ಸಾಯಿತು ಅಂತ ಬರದಿದ್ದನಲ್ಲ, ಅದಕ್ಕ ಅಳಾಕತ್ತಾನ."

ನಾನೂ ಹಾಗೇ ಅಂದುಕೊಂಡೆ.

ಮಲ್ಲು ಠಾಣೆಯಲ್ಲಿ ಬಾಯಿ ಬಿಡಲಿಲ್ಲ. ಸುನೀಲಕುಮಾರನ ಹೆಸರು ಎತ್ತಲಿಲ್ಲ. ಗುರುವಾರ ಹನ್ನೊಂದಕ್ಕೆ ಸುನೀಲಕುಮಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೋರ್ಟಿನ ಮುಂದಿನ ಬೆಂಚಿನಲ್ಲಿ ಕೂತಿದ್ದ.

ಅಂಬಣ್ಣ ಕಟಕಟೆ ಹತ್ತಿದರು. ನಾಲೆ ಇತ್ತು ಅಂದರು. ಸುನೀಲಕುಮಾರನ ವಕೀಲ ಎದ್ದ. ಕೈಯಲ್ಲಿ ಪ್ರಿಂಟ್ ತೆಗೆದ ಹಾಳೆಗಳು.

"ಈ ಸೋಮವಾರ ನೀವು ಬರೆದ ಮೆಸೇಜ್ ಇದು. ನೀವು ನೂರು ಸಲ ನೋಡಿದ ಒಂದು ಕಾರ್ಟೂನಿನ ಬಗ್ಗೆ. ಪೂರ್ತಿ ತಪ್ಪು. ನಿಮ್ಮ ಗೆಳೆಯರೇ ಬರೆದಿದ್ದಾರೆ, ನಿಮಗೆ ಮರೆವು ಅಂತ. ಸೋಮವಾರದ್ದು ನೆನಪಿಲ್ಲದವರಿಗೆ ಮೂವತ್ತು ವರ್ಷದ ಹಿಂದಿನ ನಾಲೆ ನೆನಪಿದೆಯೇ?"

ಬದುಕಿಸಿದ ಮೆಸೇಜೇ ಕೊರಳಿಗೆ ಬಂದಿತ್ತು. ಮಲ್ಲಿಕಾ ನನ್ನ ತೋಳು ಹಿಡಿದಳು.

"ಅದು ತಪ್ಪಲ್ರಿ," ಎಂದರು ಅಂಬಣ್ಣ. "ಅದು ನನ್ನ ವಿಳಾಸ."

ನ್ಯಾಯಾಧೀಶರು ತಲೆ ಎತ್ತಿದರು. ಅಂಬಣ್ಣ ಮೆಲ್ಲಗೆ ಎಲ್ಲವನ್ನೂ ಹೇಳಿದರು. ಆಮೇಲೆ ಕಣ್ಣು ಮುಚ್ಚಿ ನಾಲೆಯ ಅಳತೆ ಹೇಳತೊಡಗಿದರು. ಮೊದಲ ಕಲ್ಲಿನಿಂದ ಬೇವಿನ ಮರ. ಬೇವಿನ ಮರದಿಂದ ಹಾಳು ಬಾವಿ. ಬಾವಿಯಿಂದ ಎರಡನೆಯ ಕಲ್ಲು. ನ್ಯಾಯಾಧೀಶರು ಹಳೆಯ ಅಳತೆ ಪುಸ್ತಕ ತರಿಸಿ ಬೆರಳಿಟ್ಟು ನೋಡುತ್ತ ಹೋದರು. ಹದಿನೇಳು ಅಳತೆ. ಹದಿನೇಳೂ ಸರಿ.

ನನ್ನ ಕಣ್ಣು ಮಾತ್ರ ಮೇಜಿನ ಮೇಲಿದ್ದ ಹಾಳೆಗಳ ಮೇಲಿತ್ತು.

ನಿಮ್ಮ ಫೋನಿನಲ್ಲಿ ಗ್ರೂಪ್ ತೆರೆದು ನೋಡಿ. ಬೇರೆಯವರು ಬರೆದದ್ದು ಎಡಕ್ಕೆ, ಹೆಸರಿನ ಜೊತೆ. ನೀವು ಬರೆದದ್ದು ಬಲಕ್ಕೆ, ಹಸಿರು ಬಣ್ಣದಲ್ಲಿ, ಹೆಸರಿಲ್ಲದೆ. ಆ ಹಾಳೆಯಲ್ಲಿ ಎಲ್ಲರೂ ಎಡಕ್ಕಿದ್ದರು. ಬಲಕ್ಕೆ ಹಸಿರಿನಲ್ಲಿ ಇದ್ದದ್ದು ಒಂದೇ ಒಂದು ಸಾಲು.

'ಸರ್, ವಯಸ್ಸಾಯಿತು. ಅದು ಹಿಮದ ಗಣಿ.'

ಆ ಹಾಳೆ ಬಂದದ್ದು ವಿವೇಕಾನಂದನ ಫೋನಿನಿಂದ. ಮಲ್ಲಿಕಾಗೆ ಅದನ್ನು ತೋರಿಸಿದೆ.

ಮಧ್ಯಾಹ್ನ ಕುಸನೂರಕ್ಕೆ ಹೋದೆ. ಆ ಲೇಔಟಿನಲ್ಲೇ ಅವನ ಮನೆ. ಹೊಸ ಬಣ್ಣ. ಹಿತ್ತಲಲ್ಲಿ ಅರ್ಧ ಕಟ್ಟಿದ ಗೋಡೆ. ನನ್ನನ್ನು ನೋಡಿದ ತಕ್ಷಣ ಅವನಿಗೆ ಗೊತ್ತಾಯಿತು. ಓಡಲಿಲ್ಲ. ಕುರ್ಚಿ ತಂದು ಹಾಕಿದ.

"ನಾಲೆ ಇತ್ತು ಅಂದ್ರ ಈ ಮನಿ ಹೋಗ್ತದ್ರಿ," ಎಂದ. "ಅರವತ್ತೆರಡು ಮನಿ. ಸುನೀಲಕುಮಾರ ಕರಸಿ ಕೇಳಿದ. ಮುದುಕ ಮುಂಜಾನೆ ಎಲ್ಲಿ ಅಡ್ಡಾಡ್ತಾನ ಅಷ್ಟೇ ಹೇಳು, ನಾಲ್ಕು ದಿನ ಇಟ್ಕೊಂಡು ಬಿಡ್ತೀವಿ ಅಂದ. ಹೇಳಿದೆ. ಮೆಸೇಜ್ ತೋರಸು ಅಂದ. ಫೋಟೋ ತಗದು ಕಳಿಸಿದೆ."

"ಕೋಣಿಯೊಳಗ ಉಸಿರು ಕಟ್ಟಿ ಸಾಯ್ತಿದ್ರು ಅವರು."

"ಕಮಲಾಪುರಕ್ಕ ಬಂದಾಗ ನೋಡಿದೆ." ಅವನು ನೆಲ ನೋಡಿದ. "ಅಲ್ಲಿ ತನಕ ನನಗ ಗೊತ್ತಿರಲಿಲ್ರಿ. ಖರೇನ."

ನಂಬಿದೆ. ನಂಬಿದ್ದರಿಂದ ಏನೂ ಬದಲಾಗುವುದಿಲ್ಲ. ಅವನ ಫೋನಿನಲ್ಲಿ ಸುನೀಲಕುಮಾರನ ಹನ್ನೊಂದು ಕರೆ ಇದ್ದವು. ಮಲ್ಲು ಮುಚ್ಚಿಟ್ಟದ್ದನ್ನು ಆ ಫೋನು ಹೇಳಿತು. ಸಂಜೆಗೆ ಬಿಳಿ ಅಂಗಿಯೂ ಠಾಣೆಗೆ ಬಂತು.

ವಿವೇಕಾನಂದನನ್ನು ಒಯ್ಯಲು ಜೀಪು ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವನು ಮನೆಯ ಕಡೆ ತಿರುಗಿ ನೋಡಲಿಲ್ಲ. ಜಾಮೀನಿನ ಬಗ್ಗೆ ಕೇಳಲಿಲ್ಲ. ಎಷ್ಟು ವರ್ಷ ಬೀಳುತ್ತದೆ ಅಂತಲೂ ಕೇಳಲಿಲ್ಲ. ಜೀಪು ಹತ್ತಿ ಕೂತು ನನ್ನ ಕಡೆ ಬಾಗಿದ.

"ಗ್ರೂಪಿನಿಂದ ನನ್ನ ತಗದಾರೇನ್ರಿ?"

"ಮಧ್ಯಾಹ್ನನ ತಗದಾರ."

ಅವತ್ತು ಅಲ್ಲಿಯವರೆಗೆ ಗಟ್ಟಿಯಾಗಿದ್ದ ಮನುಷ್ಯ ಆಗ ಅತ್ತ.